ಕುದುರೆಗೆ ಒರಗಿ ನಿದ್ದೆ ಹೋದ ಬ್ಯಾಂಡ್ ಮಾಸ್ತರ

ಸಾತಾರೆಯ ಭಾನುದಾಸ ಸಾಠೆಯದು ಹದಿನೆಂಟು ಜನರ ಬ್ಯಾಂಡು. ಆದರೆ ಮದುವೆಯವರ ಫೋನು ಎತ್ತುವವನು, ಕೆಂಪು ಕೋಟುಗಳಿಗೆ ಇಸ್ತ್ರಿ ಹಾಕುವವನು, ಟೆಂಪೊ ಗೊತ್ತು ಮಾಡುವವನು, ಮುಂದೆ ನಿಂತು ಕೋಲು ಬೀಸಿ ನುಡಿಸುವವನು, ಎಲ್ಲವೂ ಅವನೇ. ತನ್ನ ಮದುವೆಯ ದಿನವೂ ತುತ್ತೂರಿಯವನು ಸ್ವರ ತಪ್ಪಿದನೆಂದು ಬಾಸಿಂಗ ಕಟ್ಟಿಕೊಂಡೇ ಕುದುರೆಯಿಂದ ಇಳಿದು, ತುತ್ತೂರಿ ಕಸಿದುಕೊಂಡು ಊದಿದ್ದ. ಮಂಟಪಕ್ಕೆ ಬರಿಗುದುರೆ ಮೊದಲು ತಲುಪಿತ್ತು.

ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಒಂದು ವೈಶಾಖದಲ್ಲಿ, ಆರು ದಿನಕ್ಕೆ ಒಂಬತ್ತು ಮದುವೆ ಮುಗಿಸಿ, ಹತ್ತನೆಯದರ ಮೆರವಣಿಗೆಯಲ್ಲಿ ಭಾನುದಾಸ ನಿಂತಲ್ಲೇ ಕುದುರೆಯ ಕತ್ತಿಗೆ ಒರಗಿ ನಿದ್ದೆ ಹೋದ. ಕುದುರೆ ಪಾಪ, ಅಲುಗಾಡದೆ ನಿಂತಿತು. ಮೇಲೆ ಕೂತ ಮದುಮಗನೇ ಬಗ್ಗಿ ಅವನ ಭುಜ ತಟ್ಟಿದ.

"ಮಾಸ್ತರ, ಏಳ್ರಿ. ನನ್ನ ಮದುವಿ ಐತಿ."

ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ಹೆಂಡತಿ ಕಲಾವತಿ ಬಾಗಿಲಲ್ಲೇ ಕೈ ಚಾಚಿದಳು.

"ಫೋನ್ ಕೊಡ್ರಿ ಇತ್ತ. ಇನ್ನ ಮ್ಯಾಲೆ ಮದುವಿ ಮಂದಿ ಕೂಡ ನಾ ಮಾತಾಡ್ತೀನಿ. ಕೋಲು ಗೋರಖಣ್ಣನ ಕೈಯಾಗ ಕೊಡ್ರಿ."

"ಅವಂಗೇನ್ ಬರತದ?"

"ಹದಿನಾರು ವರ್ಷ ನಿಮ್ಮ ಕೂಡ ಕ್ಲಾರಿನೆಟ್ ಊದ್ಯಾರ. ನೀವು ಬಿಟ್ರ ಬರತದ."

ಮರುವಾರ ಕರಾಡದ ಮದುವೆಗೆ ಬ್ಯಾಂಡು ಗೋರಖನ ಹಿಂದೆ ಹೋಯಿತು. ಭಾನುದಾಸ ಮನೆಯಲ್ಲಿ ಕೂತ. ಕೂತ ಅನ್ನುವುದೂ ಸುಳ್ಳು. ಅಂಗಳಕ್ಕೂ ಅಡುಗೆಮನೆಗೂ ತಿರುಗಿದ. ನೆರೆಮನೆಯವನ ಫೋನು ಬೇಡಿ ಹನ್ನೊಂದು ಸಲ ಹಚ್ಚಿದ. ಗೋರಖ ಒಮ್ಮೆಯೂ ಎತ್ತಲಿಲ್ಲ. ಕಲಾವತಿ ಅವನ ಮುಂದೆ ಒಂದು ಬುಟ್ಟಿ ಬಟಾಣಿ ಸುರಿದು, "ಸುಲೀರಿ, ಕೈಗೆ ಕೆಲಸ ಬೇಕಲ್ಲ," ಎಂದಳು.

ಸಂಜೆ ಗೋರಖ ಬಂದ. ಟೋಪಿ ಕೈಯಲ್ಲಿತ್ತು.

"ಮಾಸ್ತರ, ಸಿಟ್ಟಾಗಬ್ಯಾಡ್ರಿ. ಬ್ಯಾರೇದವರ ಮೆರವಣಿಗಿಗೆ ಬಾರಿಸಿದ್ವಿ."

"ಏನಂದಿ?"

"ಎರಡು ಮಂಟಪ ಎದುರುಬದುರು ಇದ್ದುವ್ರಿ. ಒಬ್ಬ ಕುದುರಿ ಮ್ಯಾಲೆ ಕುಂತಿದ್ದ, ಶುರು ಮಾಡಿದ್ವಿ. ಅವನ ಅಜ್ಜಿ ಊರುಗೋಲು ಒಗದು ಕುಣದ್ಲು! ಅಷ್ಟರಾಗ ನಮ್ಮ ಗಂಡು ಬಂದ. ಅವನೂ ಇಳಿದು ಕುಣದ. ಕಡೀಕ ಎರಡೂ ಮೆರವಣಿಗಿ ಕೂಡಿಸೇ ಒಯ್ದಿವಿ."

"ಲೇ, ಗಂಡುಗಳು ಅದಲುಬದಲು ಆಗಲಿಲ್ಲಲ್ಲ?"

"ಇಲ್ರಿ, ಮುಖಾ ನೋಡಿ ನೋಡಿ ಒಳಗ ಬಿಟ್ವಿ. ಆ ಅಜ್ಜಿ ಮಾಘದಾಗ ಮೊಮ್ಮಗಳ ಮದುವಿಗೂ ನಾವೇ ಬೇಕಂದಾಳ. ಕಲಾವತಿ ವೈನಿಗೆ ಫೋನ್ ಮಾಡ್ತಾಳಂತ."

ಭಾನುದಾಸ ಬಯ್ಯಲು ಬಾಯಿ ತೆರೆದ. ಹೊರಬಿದ್ದದ್ದು ನಗು. ಬಟಾಣಿ ಬುಟ್ಟಿ ಉರುಳಿ ಕಾಳೆಲ್ಲ ಮನೆ ತುಂಬ ಓಡಿದವು. ಅವನು ನೆಲದ ಮೇಲೆ ಕೂತು ಕಣ್ಣೀರು ಬರುವವರೆಗೆ ನಕ್ಕ. ತಾನಿದ್ದಿದ್ದರೆ ಬ್ಯಾಂಡು ನಿಲ್ಲಿಸಿ ನಡುಬೀದಿಯಲ್ಲಿ ಜಗಳ ಹಚ್ಚುತ್ತಿದ್ದೆ ಎಂದು ಅವನಿಗೇ ಹೊಳೆಯಿತು.

ಅಲ್ಲಿಂದ ಮುಂದೆ ಹೊಸ ಹಾಡು ಕಲಿಸುವುದು, ದೊಡ್ಡ ಮದುವೆಗಳಿಗೆ ಹೋಗುವುದು, ಇಷ್ಟು ಮಾತ್ರ ಅವನ ಪಾಲಿಗೆ ಉಳಿಯಿತು. ಟೆಂಪೊ, ಇಸ್ತ್ರಿಗಳನ್ನು ಡೋಲು ಬಾರಿಸುವ ಅಣ್ಣತಮ್ಮಂದಿರು ಹಂಚಿಕೊಂಡರು. ಸೋಮವಾರ ಸಂಜೆ ಗಂಡಹೆಂಡತಿ ಕೋಟೆಯ ಗುಡ್ಡ ಹತ್ತಿ, ಕಂದಿ ಪೇಡೆ ತಿಂದು ಇಳಿಯುವುದು ರೂಢಿಯಾಯಿತು.

ಮಾಘದಲ್ಲಿ ವಾಯಿಯಲ್ಲಿ ಕಲಾವತಿಯ ಅಣ್ಣನ ಮಗನ ಮದುವೆ. ಭಾನುದಾಸ ಬೀಗರ ಸಾಲಿನಲ್ಲಿ ರುಮಾಲು ಸುತ್ತಿಕೊಂಡು ನಡೆದ. ಮುಂದೆ ಗೋರಖ ಕೋಲು ಬೀಸಿದ, ಡೋಲು ಗುಡುಗಿತು. ಕಾಲುಗಳು ತಾವಾಗಿಯೇ ಎದ್ದವು. ಕುಣಿತ ಬರುತ್ತಿರಲಿಲ್ಲ, ಕೊಕ್ಕರೆಯಂತೆ ಹಾರಿದ, ಬೀಗಿತ್ತಿಯ ಹೂವಿನ ತಟ್ಟೆ ತಲೆಯ ಮೇಲಿಟ್ಟು ಗಿರಗಿರ ತಿರುಗಿದ. ಕಲಾವತಿ ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಅವನ ಜೊತೆ ಹೆಜ್ಜೆ ಹಾಕಿದಳು.

ಹಾಡು ಮುಗಿಯಿತು. ಗೋರಖ ತಿರುಗಿ ಕೇಳಿದ:

"ಮಾಸ್ತರ, ಮುಂದಿಂದು ಯಾವುದು?"

ಏದುಸಿರು ಬಿಡುತ್ತ ಭಾನುದಾಸ ಕೂಗಿದ:

"ನನ್ನ ಯಾಕ್ ಕೇಳ್ತಿ? ಬಾರಿಸೋ ಮಾರಾಯ, ಕುಣದ ಮೈ ಆರಲಿಕ್ಹತ್ತೈತಿ!"