ಮರಿಯವ್ವನ ಪದ, ಗೋಡೆಯ ಮದ್ದಲೆ

ಎದುರು ಮನೆಯ ಮಾಸ್ತರರು ಸಂಜೆ ಹಾರ್ಮೋನಿಯಂ ಪೇಟಿ ಹಿಡಿದು ಹಾಡಲು ಕೂತರೆ, ನನ್ನ ಗೋಡೆಯ ಗೂಟಕ್ಕೆ ತೂಗಿದ ಮದ್ದಲೆ ತಾನಾಗಿ ಗುಂಯ್‌ಗುಡುತ್ತದೆ. ನಗಬ್ಯಾಡ್ರಿ. ಶ್ರುತಿ ಕೂಡಿದರೆ ಬಿಗಿದ ಚರ್ಮ ಮಿಡಿಯುತ್ತದೆ, ಅಷ್ಟೇ. ಮೂರನೆಯ ಇಯತ್ತೆಗೇ ಸಾಲಿ ಬಿಟ್ಟ ನನಗೂ ಇದು ಗೊತ್ತು. ಆದರೂ ಎದ್ದು ಹೋಗಿ ಅಂಗೈ ಒತ್ತಿ ಅದರ ಬಾಯಿ ಮುಚ್ಚುತ್ತಿದ್ದೆ.

ಹಗಲೆಲ್ಲ ಇಳಕಲ್ಲಿನಲ್ಲಿ ಸೀರೆ ನೇಯ್ದ ಕೈ ಇದು. ಮದ್ದಲೆಯಲ್ಲಿ ಗುಡೂರಿನ ತನಕ ನನಗೆ ಸರಿಸಮ ಇರಲಿಲ್ಲ. ಬೇರೆ ಯಾರೂ ಹೇಳದ್ದರಿಂದ ನಾನೇ ಹೇಳುತ್ತಿದ್ದೇನೆ. ಅದಕ್ಕೇ ಕ್ರಿಸ್ತಿಯನ್ನರ ಓಣಿಯವರು ಶುಭ ಶುಕ್ರವಾರದ ಆಟಕ್ಕೆ ಮುಸಲ್ಮಾನನಾದ ನನ್ನನ್ನು ಕರೆಯುತ್ತಿದ್ದರು. ಕಥೆ ಯೇಸುವಿನದು, ಮಟ್ಟು ನಮ್ಮ ದೊಡ್ಡಾಟದ್ದು. ಮುಂದೆ ನಿಂತವ ಪದ ಹಾಡಿದರೆ ಹಿಂದಿನ ಹಿಮ್ಮೇಳ ಕೊನೆಯ ಸಾಲನ್ನು ಎತ್ತಿಕೊಳ್ಳಬೇಕು. ಮಂಗಳದ ಪದ ಹಾಡದೆ ವೇಷ ಕಳಚುವಂತಿಲ್ಲ.

ಶಿಲುಬೆಯ ಕೆಳಗೆ ಅಳುವ ತಾಯಿ ಮರಿಯವ್ವನ ಪಾತ್ರ ನೇಕಾರ ಯೋಹಾನಪ್ಪನದು. ಅವನ ಬೆಳೆದ ಮಗ ದಾವೀದನದು ಹಿಮ್ಮೇಳದಲ್ಲಿ ಎಲ್ಲರಿಗಿಂತ ಮೇಲಿನ ದನಿ. ಒಂದು ವರ್ಷ ಆಟಕ್ಕೆ ಮೊದಲೇ ಪ್ಲೇಗು ದಾವೀದನನ್ನು ಒಯ್ದಿತು. ಆಟ ಬೇಡವೆಂದೆವು. ಯೋಹಾನಪ್ಪ ಮೀಸೆ ಬೋಳಿಸಿಕೊಂಡು, ನಾನು ನೇಯ್ದ ಸೀರೆ ಉಟ್ಟೇ ಬಂದ.

“ಲೇ ಇಮಾಮ, ಸೀರಿ ನಿಂದು. ಹರದ್ರ ಮಾನ ನಿಂದ ಹೋಗತೈತಿ, ನಂದಲ್ಲ,” ಎಂದ.

ನಾನು ಮದ್ದಲೆಯ ಮುಂದೆ ಕೂತೆ.

ಹೊತ್ತು ಇಳಿಯುತ್ತಿತ್ತು. ಅವನು ಮಗನನ್ನು ಕರೆಯುವ ಪದ ಎತ್ತಿದ. ಹಿಮ್ಮೇಳ ಕೊನೆಯ ಸಾಲು ಹಿಡಿಯಿತು. ಅದರ ಮೇಲೆ, ಒಂದು ಎಳೆಯಷ್ಟು ತಡವಾಗಿ, ಇನ್ನೊಂದು ದನಿ. ತಿರುಗಿ ನೋಡಿದೆ. ದಾವೀದ ನಿಲ್ಲುತ್ತಿದ್ದ ಜಾಗ ಖಾಲಿ. ತಾಳದವನ ಮುಖ ಬೆವೆತಿತ್ತು.

ಯೋಹಾನಪ್ಪ ಮತ್ತೆ ಅದೇ ಸಾಲು ಹಾಡಿದ. ಮತ್ತೆ ಆ ದನಿ. ಅವನ ಮುಖದಲ್ಲಿ ನಗೆ! ಇವನು ಪದ ಮುಗಿಸುವವನಲ್ಲ ಎಂದು ನನಗಾಗ ತಿಳಿಯಿತು. ಮುಗಿಸಿದರೆ ಮಗ ಹೋಗುತ್ತಾನೆ. ಗಂಟಲು ಒಡೆದು ತುಟಿಗೆ ರಕ್ತ ಬಂದರೂ ಬಿಡಲೊಲ್ಲ.

ಅವನ ಹೆಂಡತಿ ಮಾರ್ತವ್ವ ಜನರ ನಡುವಿನಿಂದ ಎದ್ದು ಬಂದು ನನ್ನ ಕಿವಿಯ ಹತ್ತಿರ ಬಗ್ಗಿದಳು.

“ಇಮಾಮಣ್ಣಾ, ಮುಗಸ್ರಿ. ಹುಡುಗ ದಣದಾನ.”

ಮುಕ್ತಾಯದ ಪೆಟ್ಟು ಬಾರಿಸಿದೆ. ಹುಟ್ಟಿನಿಂದಲೇ ತಾಳ ಬಲ್ಲವ ಯೋಹಾನಪ್ಪ. ಆ ಪೆಟ್ಟು ಬಿದ್ದ ಮೇಲೆ ಹಿಂದಿನ ಸಾಲಿಗೆ ಹೋಗಲು ಅವನ ಬಾಯೇ ಒಪ್ಪಲಿಲ್ಲ. ಮಂಗಳ ಹಾಡಿದ. ಹಿಮ್ಮೇಳ ಎತ್ತಿಕೊಂಡಿತು. ಬರೀ ಹಿಮ್ಮೇಳ. ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನನ್ನೊಮ್ಮೆ ನೋಡಿದ. ಆಮೇಲೆ ಅವನು ಆಟಕ್ಕೆ ಬರಲಿಲ್ಲ.

ಇವತ್ತು ಸಂಜೆ ಮದ್ದಲೆ ಮತ್ತೆ ಗುಂಯ್‌ಗುಟ್ಟಿತು. ಮಾಸ್ತರರು ಮದುವೆಗೆಂದು ಬದಾಮಿಗೆ ಹೋಗಿದ್ದಾರೆ; ಮನೆಗೆ ಬೀಗ. ಅಂಗೈ ಒತ್ತಲು ಎದ್ದವನು ಒತ್ತಲಿಲ್ಲ. ಗೂಟದಿಂದ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡು, ಮೆಲ್ಲಗೆ ಮುಕ್ತಾಯದ ಪೆಟ್ಟು ಕೊಟ್ಟೆ.

ಪಾಪ, ಹುಡುಗ ದಣಿದಿರಬೇಕು.