ಮಾಯಮ್ಮ ಸುಟ್ಟ ಚಂದ್ರಿಕೆ

ರೇಷ್ಮೆಗೆ ಚಿನ್ನದ ಬೆಲೆ ಬಂದ ಎಂಬತ್ತರ ದಶಕದಲ್ಲಿ ವಿರೂಪಾಕ್ಷಿಪುರದ ಸುತ್ತಿನ ಹಳ್ಳಿಗಳ ದೇವರಿಗೂ ಒಳ್ಳೆಯ ಕಾಲ ಬಂತು. ರಾಗಿ ಹೊಲಗಳು ಹಿಪ್ಪುನೇರಳೆ ತೋಟಗಳಾದವು. ರಾಮನಗರದಲ್ಲಿ ಗೂಡು ಮಾರಿ ಬಂದವರು ನಮ್ಮೂರ ಮಾರಮ್ಮನ ಗುಡಿಗೆ ಮೊಸಾಯಿಕ್ ನೆಲ ಹಾಕಿಸಿದರು. ಆ ನೆಲವನ್ನು ತುಳಿಯದವಳು ಮಾಯಮ್ಮ ಒಬ್ಬಳೇ. ಸೊಪ್ಪು ಹಾಕುವ ಹೊತ್ತಿಗೇ ಮಂಗಳಾರತಿ ಇಟ್ಟುಕೊಂಡರೆ ಹುಳು ನೋಡಲೋ, ಮಾರಮ್ಮನನ್ನು ನೋಡಲೋ ಎನ್ನುತ್ತಿದ್ದಳು. ಅವಳ ಮನೆಯಲ್ಲಿ ದೀಪ ಹಚ್ಚುತ್ತಿದ್ದುದು ಬೆಳಕಿಗೆ ಮಾತ್ರ.

ಗಂಡನಿಲ್ಲದ ಅವಳು ಒಂದಿಷ್ಟು ಹುಳು ಸಾಕುತ್ತಿದ್ದಳು. ಹೊಟ್ಟೆ ತುಂಬಿಸುತ್ತಿದ್ದುದು ಮಾತ್ರ ಚಂದ್ರಿಕೆ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಈ ಬಿದಿರು ತಟ್ಟಿಗಳನ್ನು ಊರಿಗೆಲ್ಲ ಬಾಡಿಗೆಗೆ ಕೊಡುತ್ತಿದ್ದಳು.

ಒಂದು ಚಳಿಗಾಲ ಅವಳ ಹುಳುಗಳಿಗೆ ಸುಣ್ಣಕಟ್ಟು ರೋಗ ಬಂತು. ಚಂದ್ರಿಕೆಯ ಮೇಲೆ ಬಿಟ್ಟವು ಅಲ್ಲಲ್ಲೇ ಬಿಗಿದು ಸುಣ್ಣದ ಕಡ್ಡಿಯಂತೆ ಬೆಳ್ಳಗಾದವು. ತಟ್ಟಿಗಳನ್ನು ತೊಳೆದಳು, ಮದ್ದು ಹೊಡೆದಳು, ಬಿಸಿಲಿಗೆ ಹಾಕಿದಳು. ಹೆಣಿಗೆಯ ಸಂದಿಗಳಲ್ಲಿ ಬಿಳಿ ಪುಡಿ ಉಳಿದೇ ಇತ್ತು. ಅದು ಮನೆಯಿಂದ ಮನೆಗೆ ಹೋದರೆ ಊರಿನ ಬೆಳೆಯೇ ಹೋದಂತೆ. ವಿಷಯ ಯಾರಿಗೂ ಗೊತ್ತಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಬಾಡಿಗೆ ಬರುತ್ತಿತ್ತು. ಕೇಡಿನ ಹೊಣೆಯನ್ನು ಮಾರಮ್ಮನ ಮುನಿಸು ಹೊರುತ್ತಿತ್ತು.

ಊರಿನ ಹುಳುಗಳು ಹಣ್ಣಾದ ಬೆಳಿಗ್ಗೆ ಜನ ಅಂಗಳಕ್ಕೆ ಬಂದಾಗ ಅವಳು ರೋಗದ ಸುದ್ದಿ ಹೇಳಿ, ಕೊಡುವುದಿಲ್ಲ ಎಂದಳು. ಗುಡಿಯ ಕಮಿಟಿಯ ಬಸವಯ್ಯ ನಂಬಲಿಲ್ಲ. ಬೇರೆ ಊರಿನವರು ಹೆಚ್ಚು ಬಾಡಿಗೆ ತೋರಿಸಿರಬೇಕೆಂದು ಅವನ ಎಣಿಕೆ. ಅವನಾಗಿದ್ದರೆ ಹಾಗೇ ಮಾಡುತ್ತಿದ್ದ.

"ದೇವ್ರಿಲ್ದೋಳ ಮಾತ ಹೆಂಗಮ್ಮಿ ನಂಬದು? ಕರ್ಪೂರ ಹತ್ಸಿ ಆಣೆ ಮಾಡು," ಎಂದ.

"ನಾನು ನಂಬದೆ ಇರೋಳ ಮ್ಯಾಲೆ ಆಣೆ ಇಟ್ರೆ ಅದು ಮೋಸ ಆಯ್ತದೆ ಕಣಣ್ಣ. ರೋಗ ಐತೆ ಅಂದ್ನಲ್ಲ, ಐತೆ."

ಕರ್ಪೂರ ಹತ್ತಿಸಿ ಆಣೆ ಮಾಡಿಯೇ ಸ್ವಂತ ಅಣ್ಣನ ತೋಟದ ಬದು ಒತ್ತಿದ್ದ ಬಸವಯ್ಯನಿಗೆ ಈ ಮಾತು ಅರ್ಥವಾಗುವಂತಿರಲಿಲ್ಲ. ಗುಡಿಯಿಂದ ತೀರ್ಥ ತರಿಸಿ ಚಂದ್ರಿಕೆಗಳ ಮೇಲೆ ಚಿಮುಕಿಸಿದ. ರೋಗವಿದ್ದರೂ ಇನ್ನು ಹೋಯಿತು, ಎತ್ತಿಕೊಳ್ಳಿ ಎಂದ. ಭಕ್ತರು ಕೈಯನ್ನೂ ಹಾಕಿದರು.

ಮಾಯಮ್ಮ ಒಳಗಿನಿಂದ ಸೀಮೆಎಣ್ಣೆ ಡಬ್ಬ ತಂದಳು. ಅವಳ ಬದುಕೆಲ್ಲ ಗೋಡೆಗೆ ಒರಗಿ ನಿಂತಿತ್ತು. ಒಣ ಬಿದಿರು ಪಟಪಟನೆ ಸಿಡಿದು ಉರಿಯಿತು. ಅವಳು ಸೆರಗಿನಿಂದ ಹೊಗೆ ಬೀಸಿಕೊಂಡಳು, ಅಷ್ಟೇ.

ಜನ ಬೈಯುತ್ತಲೇ ಪಕ್ಕದ ಊರುಗಳಿಂದ ಗಾಡಿಯಲ್ಲಿ ಚಂದ್ರಿಕೆ ತಂದರು. ಗೂಡು ಚೆನ್ನಾಗಿ ಕಟ್ಟಿತು. ಆಗ ಊರಿಗೆ ಜ್ಞಾನೋದಯವಾಯಿತು: ಸುಡುವ ಬುದ್ಧಿ ಕೊಟ್ಟವಳು ಮಾರಮ್ಮನೇ. ಇಲ್ಲವಾದರೆ ದೇವರಿಲ್ಲದ ಹೆಂಗಸಿಗೆ ಅಂಥ ಒಳ್ಳೆಯತನ ಎಲ್ಲಿಂದ ಬರಬೇಕು? ಗುಡಿಯಲ್ಲಿ ವಿಶೇಷ ಪೂಜೆ ನಿಗದಿಯಾಯಿತು.

ಅಷ್ಟು ಹೊತ್ತಿಗೆ ಮಾಯಮ್ಮ ಅವರಿವರ ತೋಟದಲ್ಲಿ ಸೊಪ್ಪು ಕೊಯ್ಯುವ ಕೂಲಿಗೆ ಹೋಗುತ್ತಿದ್ದಳು. ಬಸವಯ್ಯ ಅಲ್ಲಿಗೇ ಬಂದು ಪೂಜೆಯ ವಂತಿಗೆ ಕೇಳಿದ. ಅವಳಿಂದಲೇ ನಡೆಯುವ ಪೂಜೆ, ಅವಳೇ ಕೊಡದಿದ್ದರೆ ಹೇಗೆ ಎಂದ.

"ಅಂಗಳದಲ್ಲಿ ಬೂದಿ ಐತೆ. ತಗೊಂಡೋಗಿ ಎಲ್ರೂ ಹಣೆಗೆ ಹಚ್ಕಳಿ," ಎಂದು ಮಾಯಮ್ಮ ಮುಂದಿನ ಸಾಲಿಗೆ ನಡೆದಳು.