ಕವನ ಓದಿ ಬಂದ ಟೆಂಪೊ

ಇಂಡಿಯಲ್ಲಿ ಲಿಂಬಿ ವ್ಯಾಪಾರ ಮಾಡುವ ನನಗೆ ಕವನದ ಹುಚ್ಚೂ ಉಂಟು. ಒಂದು ಮುಂಜಾನೆ ವಾಟ್ಸ್ಯಾಪಿನಲ್ಲಿ ಕಂಡ ಸ್ಪರ್ಧೆಗೆ ಕವನ ಕಳಿಸಿದೆ. ತಾಸಿನೊಳಗೇ ಉತ್ತರ ಬಂತು: "ನಿಮ್ಮ ಕವನ ತೀರ್ಪುಗಾರರ ಕಣ್ಣು ತೇವಗೊಳಿಸಿದೆ. 'ಕಾವ್ಯಸಿಂಹ' ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ. ಶಾಲು, ಫಲಕದ ಖರ್ಚು ಮಾತ್ರ ತಮ್ಮದು."

ದುಡ್ಡು ಕಳಿಸಬೇಕು ಅನ್ನುವಷ್ಟರಲ್ಲಿ, ಲಚ್ಯಾಣದಿಂದ ನನ್ನ ಮಾಲು ತರುವ ಟೆಂಪೊ ಮಲ್ಲೇಶಿ ಬಂದ. ಹಿಗ್ಗಿನಲ್ಲಿ ಅವನಿಗೇ ಮೊದಲು ಫೋನು ಕೊಟ್ಟೆ. ನಾನು ಸ್ಪರ್ಧೆಗೆ ಕಳಿಸಿದ್ದನ್ನು ಅವನು ಗಟ್ಟಿಯಾಗಿ ಓದಿದ: "ಚೀಲಕ್ಕ ನೀರ ಹೊಡಿ. ಕೊಳತದ್ದು ಆರಿಸಿ ತಗಿ. ಮ್ಯಾಲ ತಾಡಪತ್ರಿ ಹೊಚ್ಚೂದು ಮರೀಬ್ಯಾಡ."

"ಅಣ್ಣಾರ, ಈ ಮೆಸೇಜು ನನಗ ಬರಬೇಕಾಗಿತ್ತಲ್ರಿ?"

ನನ್ನ ಮುಖ ಸಣ್ಣದಾಯಿತು. "ಹಂಗಾರ ನನ್ನ ಕವನ?"

"ಅದು ನನಗ ಬಂದೈತ್ರಿ." ತನ್ನ ಫೋನು ತೋರಿಸಿದ: 'ಹಾದಿಗೆ ಕಣ್ಣು ನೆಟ್ಟು ಕುಳಿತಿರುವೆ, ಇನ್ನೂ ಏಕೆ ತಡ?'

"ಅದನ್ನ ಓದಿ ಗಾಬರಿ ಆತ್ರಿ. ಚಾ ಅರ್ಧಕ್ಕ ಬಿಟ್ಟು ಗಾಡಿ ಹೊಡಕೊಂಡ ಬಂದೇನಿ."

ಪುಣ್ಯಾತ್ಮ ನನ್ನ ದುಡ್ಡು ಉಳಿಸಿದ, ಮರ್ಯಾದೆಯನ್ನೂ ಉಳಿಸಿದ. ಅವನು ಬಿಟ್ಟು ಬಂದ ಅರ್ಧ ಚಹಾಕ್ಕೆ ಪೂರ್ತಿ ಚಹಾ ಕುಡಿಸಿದೆ. ಇಷ್ಟು ವರ್ಷ ಬರೆದಿದ್ದೇನೆ. ನನ್ನ ಕವನ ಓದಿ ಎದ್ದು ಓಡಿಬಂದವನು ಅವನೊಬ್ಬನೇ. ಉಳಿದವರು ಎದ್ದು ಹೋದವರು.